ಕೊಳೆ ಯಾವುದು, ಗೀರು ಯಾವುದು: 1800ರ ಆಸುಪಾಸಿನ ಒಂದು ಪೆನ್ಸಿಲ್ ಹಾಳೆಯ ರಿಪೇರಿ

ಹಾಳೆ ಚಿಕ್ಕದು. ಅಗಲ 22 ಸೆಂಟಿಮೀಟರ್, ಎತ್ತರ 18. ಮೇಲೆ ಮೂವರು ಹೆಂಗಸರು. ಒಬ್ಬಳು ಕೂತಿದ್ದಾಳೆ, ಇಬ್ಬರು ಪಕ್ಕದಲ್ಲಿ ನಿಂತಿದ್ದಾರೆ. ಮೂವರ ಮೈಮೇಲೂ ಹೆಗಲಿಂದ ಪಾದದ ತನಕ ಇಳಿಬಿದ್ದ ತೆಳು ಬಟ್ಟೆ. ಮುಖ ಅಂದರೆ ಬರೀ ಒಂದು ಮೊಟ್ಟೆಯಾಕಾರ, ಮೂಗಿನ ಜಾಗಕ್ಕೊಂದು ಗೀಟು. ಬೆರಳುಗಳನ್ನು ಬಿಡಿಸಿಯೇ ಇಲ್ಲ. ನಿರಿಗೆಗಳ ಹತ್ತಿರ ಮಾತ್ರ ಕೈ ಸುಮ್ಮನಾಗಿಲ್ಲ. ಒಂದು ಗೀರು, ಅದರ ಪಕ್ಕದಲ್ಲೇ ಅದನ್ನು ತಿದ್ದುವ ಇನ್ನೊಂದು, ಅದೂ ಸಾಲದೆ ಮೂರನೆಯದು. ಬಟ್ಟೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಕಲಾವಿದ ಹುಡುಕುತ್ತಿದ್ದಾನೆ. ಹುಡುಕಾಟವೇ ಈ ಚಿತ್ರ.

ನನ್ನ ಗೆಳತಿ ಇಂಗ್ಲೆಂಡಿನ ಒಂದು ಸಣ್ಣ ಹರಾಜಿನಲ್ಲಿ ಬಿಡಿ ಹಾಳೆಗಳ ಪೆಟ್ಟಿಗೆ ಕೊಂಡಿದ್ದಳು. ಇದು ಅದರೊಳಗಿತ್ತು. ನಾನು ಇಲ್ಲಿ ಕೆಂಟ್‌ನಲ್ಲಿ ಹಳೆಯ ಕಾಗದಗಳ ರಿಪೇರಿ ಮಾಡುತ್ತೇನೆ. "ಸ್ವಲ್ಪ ಬೆಳ್ಳಗೆ ಮಾಡಿಕೊಡೇ, ಗೋಡೆಗೆ ಹಾಕ್ತೀನಿ" ಅಂದಳು. "ಬೆಳ್ಳಗೆ ಮಾಡಲ್ಲ ಕಣೇ, ಗಟ್ಟಿ ಮಾಡಿಕೊಡ್ತೀನಿ. ಕೊಳೆ ಅಂತ ಖಾತ್ರಿ ಆಗಿದ್ದನ್ನ ಮಾತ್ರ ತೆಗೀತೀನಿ" ಅಂದೆ. ಅವಳಿಗೆ ಆಗ ಅದು ಅಷ್ಟು ರುಚಿಸಲಿಲ್ಲ. ಹಾಗೆ ಅಂದಿದ್ದು ಯಾಕೆ ಅಂತ ಕೆಲಸದ ಜೊತೆಜೊತೆಗೇ ಹೇಳುತ್ತೇನೆ.

ಮೊದಲು ಬರೀ ನೋಡುವುದು

ಮುಟ್ಟುವುದಕ್ಕೆ ಮೊದಲು ಮೂರು ಥರದ ಬೆಳಕಲ್ಲಿ ಫೋಟೋ ತೆಗೆದೆ. ನೇರ ಬೆಳಕು, ಹಾಳೆಯ ಹಿಂದಿನಿಂದ ಬರುವ ಬೆಳಕು, ಆಮೇಲೆ ಪಕ್ಕದಿಂದ ಹಾಳೆಯ ಮೇಲೆ ಸವರಿಕೊಂಡು ಹೋಗುವ ಬೆಳಕು.

ನೇರ ಬೆಳಕಲ್ಲಿ ಕಂಡದ್ದು ಎಲ್ಲರಿಗೂ ಕಾಣುವಂಥದ್ದೇ. ಸುತ್ತಲೂ ಕಂದು ಬಣ್ಣದ ಪಟ್ಟಿ. ಹಿಂದೆ ಯಾರೋ ಅಗ್ಗದ ರಟ್ಟಿನ ಕಿಟಕಿ ಕೊಯ್ದು ಚೌಕಟ್ಟು ಹಾಕಿಸಿದ್ದಾರೆ, ಅದರ ಅಂಚು ಕೂತ ಜಾಗ ಸುಟ್ಟ ಹಾಗೆ ಕಂದಾಗಿದೆ. 19ನೇ ಶತಮಾನದ ಮಧ್ಯದಿಂದೀಚೆಗೆ ಮರದ ತಿರುಳಿನಿಂದ ಮಾಡಿದ ರಟ್ಟು ಬಂತು. ಅದರಲ್ಲಿ ಮರದ ನಾರುಗಳನ್ನು ಬಿಗಿದಿಡುವ ಲಿಗ್ನಿನ್ ಅನ್ನುವ ವಸ್ತು ಇರುತ್ತದೆ. ವರ್ಷಗಟ್ಟಲೆ ಆಮ್ಲ ಹುಟ್ಟುತ್ತಾ ಹೋಗುತ್ತದೆ, ಪಕ್ಕದ ಒಳ್ಳೆ ಕಾಗದಕ್ಕೂ ಹತ್ತುತ್ತದೆ. ಹಿಂಬದಿಗೂ ಅಂಥದ್ದೇ ರಟ್ಟು, ಅದಕ್ಕೆ ಇಡೀ ಹಾಳೆಯನ್ನೇ ಅಂಟಿಸಿಬಿಟ್ಟಿದ್ದಾರೆ. ಬಲ ಅಂಚಿನಿಂದ ಸುಮಾರು 4 ಸೆಂಟಿಮೀಟರ್ ಹರಿದಿದೆ. ಹರಿದದ್ದು ಬಲಗಡೆ ನಿಂತವಳ ಬಟ್ಟೆಯ ಕೆಳಅಂಚಿನ ನಡುವೆಯೇ ಹಾದುಹೋಗಿದೆ. ಮೇಲ್ಗಡೆ ಕೆಲವು ಕಂದು ಚುಕ್ಕೆ.

ಹಿಂದಿನಿಂದ ಬೆಳಕು ಬಿಟ್ಟಾಗ ರಟ್ಟು ಅಡ್ಡ ಬಂತು. ಅಂಚಲ್ಲಿ ಅಂಟು ಬಿಟ್ಟಿದ್ದ ಒಂದು ಮೂಲೆಯಲ್ಲಿ ಮಾತ್ರ ಒಂದು ಚೂರು ನೀರುಗುರುತು, ಅಂದರೆ ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸುವ ಗಿರಣಿಯ ಗುರುತು, ಕಂಡಿತು. ರಟ್ಟು ಪೂರಾ ಬಿಚ್ಚಿದ ಮೇಲೆ ಅದು ಸ್ಪಷ್ಟವಾಯಿತು. ವಾಟ್ಮನ್ ಅನ್ನುವ ಹೆಸರಿನ ಕೊನೆಯ ಅಕ್ಷರಗಳು, ಕೆಳಗೆ 1805. ಖುಷಿಯಾಯಿತು. ವಾಟ್ಮನ್ ಕಾಗದ ತಯಾರಾಗುತ್ತಿದ್ದ ಟರ್ಕಿ ಮಿಲ್ ಇರುವುದು ಇಲ್ಲೇ ಮೇಡ್‌ಸ್ಟೋನ್‌ನಲ್ಲಿ. 1794ರಲ್ಲಿ ವಾಟ್ಮನ್ ಮನೆತನ ಗಿರಣಿಯನ್ನು ಮಾರಿದ ಮೇಲೂ ಆ ಹೆಸರಿನ ಗುರುತು ಹಾಕುವುದು ಮುಂದುವರಿಯಿತು. ಅದೇ ವರ್ಷ ಬಂದ ಒಂದು ಸುಂಕದ ಕಾನೂನಿನಿಂದಾಗಿ ಇಂಗ್ಲೆಂಡಿನ ಗಿರಣಿಗಳು ನೀರುಗುರುತಿನಲ್ಲಿ ಇಸವಿ ಹಾಕುವುದು ರೂಢಿಯಾಯಿತು. ಅದರಿಂದ ನಮ್ಮಂಥವರಿಗೆ ದೊಡ್ಡ ಉಪಕಾರ. ಚಿತ್ರ 1805ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅಲ್ಲಿಂದ ಕೆಲವು ವರ್ಷ ಈಚಿನದಾಗಿದ್ದರೆ ಆಶ್ಚರ್ಯವೂ ಇಲ್ಲ, ಕೊಂಡ ಕಾಗದ ಕಪಾಟಿನಲ್ಲಿ ಕೂತಿರುತ್ತಿತ್ತು.

ಕಾಗದ ಚಿಂದಿ ಬಟ್ಟೆಯಿಂದ ಮಾಡಿದ್ದು, ಅಂದರೆ ನಾರುಬಟ್ಟೆ, ಹತ್ತಿಬಟ್ಟೆಯ ನಾರು. ನೇಯ್ದ ತಂತಿಜಾಲರಿಯ ಮೇಲೆ ಎತ್ತಿದ್ದರಿಂದ ಗೆರೆಗಳಿಲ್ಲದೆ ನಯವಾಗಿದೆ. ಈ ಥರದ ಕಾಗದವನ್ನು ಮೊದಲು ಮಾಡಿದ್ದೇ ವಾಟ್ಮನ್, 1757ರಲ್ಲಿ ಮುದ್ರಕ ಬಾಸ್ಕರ್‌ವಿಲ್ ಅಚ್ಚು ಹಾಕಿದ ರೋಮನ್ ಕವಿ ವರ್ಜಿಲ್‌ನ ಪುಸ್ತಕಕ್ಕೆ ಅದನ್ನು ಬಳಸಿದರು. ಹೀಗೆ ಚಿಂದಿಯಿಂದ ಮಾಡಿದ ಕಾಗದ ಇನ್ನೂರು ವರ್ಷ ಸುಮ್ಮನೆ ತಾಳುತ್ತದೆ. ಕೆಡಿಸಿದ್ದು ಅದರ ಪಕ್ಕ ಕೂತ ರಟ್ಟು.

ಪಕ್ಕದ ಬೆಳಕಿನಲ್ಲಿ

ನಿಜವಾದ ವಿಷಯ ಗೊತ್ತಾಗಿದ್ದು ಪಕ್ಕದ ಬೆಳಕಲ್ಲಿ. ಕೂತವಳ ಎಡಗೈ ಈಗ ಗಲ್ಲದ ಹತ್ತಿರ ಮೇಲಕ್ಕೆ ಮಡಚಿಕೊಂಡಿದೆ. ಅದೇ ಹೆಗಲಿಂದ ಕೆಳಗೆ ಇಳಿದು ತೊಡೆಯ ಮೇಲೆ ಮಲಗಿದ ಇನ್ನೊಂದು ಕೈ ಕಂಡಿತು. ಅದರಲ್ಲಿ ಸೀಸ ಇಲ್ಲವೇ ಇಲ್ಲ ಅನ್ನಬಹುದು, ಬರೀ ತೋಡು. ಪೆನ್ಸಿಲ್ ಒತ್ತಿದ ಗುರುತು ಕಾಗದದಲ್ಲಿ ಹಾಗೇ ಉಳಿದಿದೆ. ಕಲಾವಿದ ಮೊದಲು ಕೈಯನ್ನು ಕೆಳಗೆ ಬಿಡಿಸಿ, ಅಳಿಸಿ, ಆಮೇಲೆ ಮೇಲಕ್ಕೆತ್ತಿದ್ದಾನೆ.

ಅಳಿಸಿದ್ದು ಯಾವುದರಿಂದ? ಆ ಕಾಲಕ್ಕೆ ಎರಡು ದಾರಿ ಇತ್ತು. ಒಂದು ಬ್ರೆಡ್ಡಿನ ಒಳಗಿನ ಮೆತ್ತನೆ ಭಾಗ, ಅದನ್ನು ಉಂಡೆ ಮಾಡಿ ಉಜ್ಜುವುದು. ಇನ್ನೊಂದು ಆಗಿನ್ನೂ ಹೊಸದಾಗಿದ್ದ ರಬ್ಬರು. 1770ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ತನ್ನ ಪುಸ್ತಕವೊಂದರಲ್ಲಿ ಅದನ್ನು ಹೊಗಳಿದ್ದಾನೆ. ಲಂಡನ್ನಿನ ನೇರ್ನ್ ಅನ್ನುವವನು ಅರ್ಧ ಇಂಚಿನ ತುಂಡನ್ನು ಮೂರು ಶಿಲ್ಲಿಂಗಿಗೆ ಮಾರುತ್ತಾನೆ, ವರ್ಷಗಟ್ಟಲೆ ಬರುತ್ತದೆ ಅಂತ.

ಆ ತೋಡು ಕಂಡ ಮೇಲೆ ಕೆಲಸದ ಎರಡು ಕಟ್ಟಳೆಗಳು ತಾವಾಗಿಯೇ ತೀರ್ಮಾನವಾದವು. ಚಿತ್ರ ಇರುವ ಕಡೆ ರಬ್ಬರು ಮುಟ್ಟಿಸಬಾರದು. ಕೊನೆಗೆ ಹಾಳೆಯನ್ನು ಸಮ ಮಾಡುವಾಗ ಜಾಸ್ತಿ ಭಾರ ಹೇರಬಾರದು. ಗಟ್ಟಿಯಾಗಿ ಒತ್ತಿದರೆ ಹಾಳೆ ಚಪ್ಪಟೆಯಾಗಿ ಅಂದವಾಗಿ ಕಾಣುತ್ತದೆ ನಿಜ, ಆದರೆ ಆ ಮೊದಲನೆಯ ಕೈ ಇನ್ನು ಯಾರಿಗೂ ಕಾಣುವುದಿಲ್ಲ.

ಒಣ ಶುಚಿ

ಮೊದಲು ಮೆತ್ತನೆ ಅಗಲ ಬ್ರಷ್ಷಿನಿಂದ ಧೂಳು ಹೊಡೆದೆ. ಅಂಚುಗಳಲ್ಲಿ, ಚಿತ್ರವಿಲ್ಲದ ಖಾಲಿ ಜಾಗದಲ್ಲಿ ರಬ್ಬರ್ ಸ್ಪಂಜು ಬಳಸಿದೆ. ಬೆಂಕಿ ಬಿದ್ದ ಮನೆಗಳಲ್ಲಿ ಗೋಡೆಯ ಹೊಗೆ ಒರೆಸಲು ಬಳಸುತ್ತಾರಲ್ಲ, ಅದೇ. ಉಜ್ಜುವುದಲ್ಲ, ಒತ್ತಿ ಎತ್ತುವುದು. ಸ್ಪಂಜು ಕಪ್ಪಾದ ಹಾಗೆ ಆ ಪದರ ಕತ್ತರಿಸಿ ಎಸೆದು ಹೊಸ ಮೈ ಬಳಸುತ್ತಾ ಹೋದೆ.

ಮೂವರ ಸುತ್ತಮುತ್ತ ಮಾತ್ರ ಕಷ್ಟ. ಎಡಗಡೆ ನಿಂತವಳ ಸೊಂಟದ ಹತ್ತಿರ ಹೆಬ್ಬೆಟ್ಟಿನಷ್ಟು ಅಗಲದ ಬೂದು ಮಸುಕು. ಅವಳ ತಲೆಯ ಮೇಲೂ ಹಾಗೇ ಇನ್ನೊಂದು. ಬರಿಗಣ್ಣಿಗೆ ಎರಡೂ ಒಂದೇ ಥರ. ಎರಡೂ ಕೊಳೆ ಅಂತಲೇ ಯಾರಾದರೂ ಹೇಳಿಯಾರು.

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು, ಪಕ್ಕದ ಬೆಳಕನ್ನು ಮೆಲ್ಲಗೆ ತಿರುಗಿಸುತ್ತಾ ನೋಡಬೇಕು. ಕಾಗದ ಆಗ ಸಮತಟ್ಟಾಗಿ ಕಾಣುವುದಿಲ್ಲ, ನಾರುಗಳ ದಿಣ್ಣೆ, ನಡುವೆ ಗುಂಡಿ. ಪೆನ್ಸಿಲ್ಲಿನ ಸೀಸ, ಅಂದರೆ ಗ್ರಾಫೈಟ್, ದಿಣ್ಣೆಗಳ ನೆತ್ತಿಗೆ ಹತ್ತಿರುತ್ತದೆ. ಚಪ್ಪಟೆ ಚಪ್ಪಟೆ ಚಕ್ಕೆಗಳು. ಬೆಳಕು ಒಂದು ಕೋನಕ್ಕೆ ಬಂದ ತಕ್ಷಣ ಮಿಣಕ್ ಅನ್ನುತ್ತವೆ. ಮಸಿ, ಧೂಳು ಹಾಗಲ್ಲ. ಅವು ಗುಂಡಿಗಳೊಳಗೆ ಕೂತಿರುತ್ತವೆ. ಬೆಳಕು ಎಲ್ಲಿಂದ ಬಂದರೂ ಮಂಕು ಕಪ್ಪು, ಹೊಳಪಿಲ್ಲ.

ಸೊಂಟದ ಹತ್ತಿರದ ಮಸುಕು ಹೊಳೆಯಿತು. ಅದು ಗ್ರಾಫೈಟು. ಕಲಾವಿದ ಬೆರಳಿಂದ ತೀಡಿ ಬಟ್ಟೆಯ ಒಳಮಡಿಕೆಗೆ ನೆರಳು ಕೊಟ್ಟಿದ್ದಾನೆ. ತೀಡಿದ ದಿಕ್ಕು ಕೂಡ ಕಾಣುತ್ತದೆ, ಮೇಲಿನಿಂದ ಕೆಳಕ್ಕೆ, ಕೊಂಚ ಬಲಕ್ಕೆ. ತಲೆಯ ಮೇಲಿನದು ಮಂಕಾಗೇ ಉಳಿಯಿತು. ಅದು ಹೊಗೆ ಮಸಿ. ಅದನ್ನು ಸ್ಪಂಜಿನ ಸಣ್ಣ ಮೂಲೆಯಿಂದ ಒತ್ತಿ ಒತ್ತಿ ತೆಗೆದೆ. ಸೊಂಟದ ಮಸುಕನ್ನು ಬ್ರಷ್ಷಿಂದಲೂ ಮುಟ್ಟಲಿಲ್ಲ.

ಇದೇ ಭೂತಗನ್ನಡಿಯಲ್ಲಿ ಕೆಲವು ಗೀರುಗಳ ನಡುವೆ ಕೂದಲೆಳೆಯಷ್ಟು ತೆಳ್ಳನೆಯ ಬಿಳಿ ಗೀಚು ಕಂಡಿತು. ಗಣಿಯಿಂದ ತೆಗೆದ ಗ್ರಾಫೈಟನ್ನು ಹಾಗೇ ಕೊಯ್ದು ಮರದೊಳಗೆ ಕೂರಿಸಿದ ಪೆನ್ಸಿಲ್ಲಿನಲ್ಲಿ ಗಟ್ಟಿ ಹರಳು ಸಿಕ್ಕಿದರೆ ಹೀಗಾಗುತ್ತದೆ. ಇಂಗ್ಲೆಂಡಿನಲ್ಲಿ ಆಗ ಒಳ್ಳೆ ಗ್ರಾಫೈಟ್ ಅಂದರೆ ಕಂಬ್ರಿಯಾದ ಬಾರೋಡೇಲ್‌ನದು. ಯುದ್ಧದಿಂದಾಗಿ ಅದು ಫ್ರಾನ್ಸಿಗೆ ಸಿಗದೇ ಹೋದಾಗಲೇ ನಿಕೊಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ಉಪಾಯ ಕಂಡುಕೊಂಡದ್ದು, 1795ರಲ್ಲಿ. ಇವತ್ತಿನ ಹೆಚ್ಚಿನ ಪೆನ್ಸಿಲ್ಲುಗಳೂ ಆ ದಾರಿಯವೇ.

ಒದ್ದೆ ಮಲ್ ಬಟ್ಟೆಯ ಪರೀಕ್ಷೆ

ಒಂದು ಗೆರೆ ಮಾತ್ರ ತೀರ್ಮಾನವಾಗಲಿಲ್ಲ. ಕೂತವಳ ಎಡ ಹೆಗಲಿಂದ ಬಲ ಮೊಣಕಾಲಿಗೆ ಅಡ್ಡಲಾಗಿ ನೇರ ತೋಡು. ಸೀಸ ಹೆಚ್ಚುಕಡಿಮೆ ಸವೆದುಹೋಗಿದೆ. ಅದು ನಿರಿಗೆಯೋ, ಅಥವಾ ಆಮೇಲೆ ಯಾವುದಾದರೂ ಮೊಳೆ ತಾಗಿ ಆದ ಗೀಚೋ? ಗೀಚಾದರೆ ತೇವ ಕೊಟ್ಟು ಸ್ವಲ್ಪ ಇಳಿಸಬಹುದು. ನಿರಿಗೆಯಾದರೆ ಮುಟ್ಟಬಾರದು.

ಕಲಾವಿದ ನೋಡಿದ್ದನ್ನೇ ನಾನೂ ನೋಡೋಣ ಅಂತ, ಕೀಲುಗಳಿರುವ 30 ಸೆಂಟಿಮೀಟರಿನ ಮರದ ಗೊಂಬೆಯನ್ನು ಅದೇ ಭಂಗಿಯಲ್ಲಿ ಕೂರಿಸಿದೆ. ಅದರ ಮೇಲೆ ಹಳೇ ಮಲ್ ಪಂಚೆಯ ಒಂದು ತುಂಡು. ಸಣ್ಣ ಗೊಂಬೆಗೆ ಒಣ ಬಟ್ಟೆ ಸೆಟೆದು ನಿಲ್ಲುತ್ತದೆ, ಒದ್ದೆ ಮಾಡಿ ಹಿಂಡಿದರೆ ದೊಡ್ಡ ಮೈಮೇಲೆ ಬೀಳುವ ಹಾಗೆಯೇ ಬೀಳುತ್ತದೆ. ದೀಪವನ್ನು ಎಡಗಡೆ ಇಟ್ಟೆ, ಹಾಳೆಯಲ್ಲೂ ನೆರಳೆಲ್ಲ ಬಲಕ್ಕಿದೆ.

ಬಟ್ಟೆ ಸುಮ್ಮನೆ ಮಡಿಕೆ ಬೀಳುವುದಿಲ್ಲ. ಎಲ್ಲಿಗೆ ಸಿಕ್ಕಿಸಿದೆಯೋ ಅಲ್ಲಿಂದ ಶುರುವಾಗುತ್ತದೆ. ಹೆಗಲು ಒಂದು ಗೂಟ, ಮೇಲೆದ್ದ ಮೊಣಕಾಲು ಇನ್ನೊಂದು. ಎರಡರ ನಡುವೆ ಬಟ್ಟೆ ಎಳೆದರೆ ಒಂದೇ ಒಂದು ಬಿಗಿ ಗೆರೆ, ನೇರಕ್ಕೆ. ಅದರ ಕೆಳಗೆ ಜಾಸ್ತಿಯಾದ ಬಟ್ಟೆ ತೊಟ್ಟಿಲಿನ ಹಾಗೆ ಜೋಲುತ್ತದೆ, ಒಂದರ ಕೆಳಗೊಂದು ಮೂರು ನಾಲ್ಕು. ಹಾಳೆಯತ್ತ ತಿರುಗಿ ನೋಡಿದರೆ ಆ ನೇರ ತೋಡಿನ ಕೆಳಗೆ ಸರಿಯಾಗಿ ಮೂರು ಜೋಲುಗೆರೆಗಳು! ತೋಡು ನಿರಿಗೆಯೇ. ಅಷ್ಟೇ ಅಲ್ಲ, ಆ ಮೂರಕ್ಕೂ ಆಧಾರವೇ ಅದು. ಕಲಾವಿದ ಅದನ್ನೇ ಮೊದಲು ಎಳೆದಿರಬೇಕು.

ಈ ಕಾಲದವರಿಗೆ ನಿರಿಗೆಯ ಮೇಲೆ ಇಷ್ಟೊಂದು ಮೋಹ ಯಾಕಿತ್ತು ಅನ್ನುವುದೂ ಹೇಳಬೇಕಾದ ಮಾತು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳು ಜೀವಂತ ಮಾದರಿಯ ಮುಂದೆ ಕೂರುವ ಮೊದಲು ಗ್ರೀಕ್, ರೋಮನ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಬಿಡಿಸಿ ಪಳಗಬೇಕಿತ್ತು. 1810ರಲ್ಲಿ ಅಲ್ಲಿ ಶಿಲ್ಪಕಲೆಯ ಮೊದಲ ಪ್ರೊಫೆಸರ್ ಆದ ಜಾನ್ ಫ್ಲಾಕ್ಸ್‌ಮನ್ ತನ್ನ ಉಪನ್ಯಾಸಗಳಲ್ಲಿ ಒಂದನ್ನು ಇಡಿಯಾಗಿ ಬಟ್ಟೆಯ ಇಳಿಬೀಳಿಗೇ ಮೀಸಲಿಟ್ಟ. ಇತ್ತ ಇಟಲಿಯ ನೇಪಲ್ಸ್‌ನಲ್ಲಿ, ಅಲ್ಲಿನ ಬ್ರಿಟಿಷ್ ರಾಯಭಾರಿಯ ಹೆಂಡತಿ ಎಮ್ಮಾ ಹ್ಯಾಮಿಲ್ಟನ್ ಬರೀ ಶಾಲುಗಳನ್ನು ಹೊದ್ದು, ಸರಿಸಿ, ಹಳೆಯ ಶಿಲ್ಪಗಳ ಭಂಗಿಗಳಲ್ಲಿ ನಿಂತು ತೋರಿಸುತ್ತಿದ್ದಳು. ರೇಬರ್ಗ್ ಅನ್ನುವ ಚಿತ್ರಕಾರ ಬಿಡಿಸಿದ ಆ ಭಂಗಿಗಳು 1794ರಲ್ಲಿ ಅಚ್ಚಾದವು. ಯೂರೋಪಿನ ಹೆಂಗಸರೂ ಆಗ ತೆಳು ಬಿಳಿ ಮಲ್ ಉಡುಪು ತೊಡುತ್ತಿದ್ದರು. ಅದರಲ್ಲಿ ಒಳ್ಳೆಯದು ಬಂಗಾಳದಿಂದ ಹೋದದ್ದು. ನನ್ನ ಗೊಂಬೆಗೆ ಪಂಚೆ ಹೊದಿಸಿದ್ದು ಹಾಗಾಗಿ ತೀರಾ ಅಸಂಬದ್ಧವೇನಲ್ಲ.

ನಮ್ಮೂರ ಕಡೆಯ ಓದುಗರಿಗೆ ಇನ್ನೊಂದು ವಿಷಯ. ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನಲ್ಲಿ ಜೋಸಯಾ ವೆಬ್ ಅನ್ನುವ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ಸ್ಮಾರಕ ಶಿಲ್ಪ ಇದೆ, ಅದು ಇದೇ ಫ್ಲಾಕ್ಸ್‌ಮನ್‌ನ ಕೆಲಸ. ಶ್ರೀರಂಗಪಟ್ಟಣದ ಹತ್ತಿರ ದಿವಾನ್ ಪೂರ್ಣಯ್ಯ ಸ್ಮಾರಕ ಕಂಬ ನಿಲ್ಲಿಸಿದ್ದು ಅದೇ ವೆಬ್‌ಗೆ.

ರಟ್ಟು ಬಿಡಿಸುವುದು

ಹಾಳೆಯನ್ನು ರಟ್ಟಿನಿಂದ ಎಳೆಯಬಾರದು. ರಟ್ಟನ್ನು ಹಾಳೆಯಿಂದ ತೆಗೆಯಬೇಕು. ಮೇಜಿನ ಮೇಲೆ ನಯವಾದ ಸಿಲಿಕೋನ್ ಕಾಗದ ಹಾಸಿ ಚಿತ್ರವನ್ನು ಬೋರಲಾಗಿ ಮಲಗಿಸಿ, ಅಂಚಿಗೆ ಸಣ್ಣ ಭಾರ ಇಟ್ಟೆ. ಒಂದು ಕೂದಲಷ್ಟೂ ಸರಿಯಬಾರದು, ಸರಿದರೆ ತೀಡಿದ ನೆರಳು ಹರಡಿಹೋಗುತ್ತದೆ. ತೆಳು ಉಕ್ಕಿನ ಚಪ್ಪಟೆ ಅಲಗಿನಿಂದ ರಟ್ಟನ್ನು ಪದರ ಪದರವಾಗಿ ಸೀಳುತ್ತಾ ಬಂದೆ. ಮೇಲಿನ ಪದರಗಳು ಬೇಗ ಬಂದವು. ಹಾಳೆಗೆ ಹತ್ತಿದ ಕೊನೆಯ ಪದರವನ್ನು ಒಣಗಿದ್ದಾಗ ಕೆರೆಯುವುದು ತರವಲ್ಲ.

ಅದಕ್ಕೆ ಮಿಥೈಲ್ ಸೆಲ್ಯುಲೋಸ್. ನೂರು ಮಿಲಿಲೀಟರ್ ನೀರಿಗೆ ನಾಲ್ಕು ಗ್ರಾಂ. ಇದರ ಗುಣ ವಿಚಿತ್ರ, ಬಿಸಿನೀರಲ್ಲಿ ಕರಗುವುದಿಲ್ಲ, ಬರೀ ಹರಡಿಕೊಳ್ಳುತ್ತದೆ, ತಣ್ಣಗಾದ ಮೇಲೆ ಲೋಳೆಯಾಗುತ್ತದೆ. ಈ ಲೋಳೆಯನ್ನು ರಟ್ಟಿನ ಪದರದ ಮೇಲೆ ದಪ್ಪವಾಗಿ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ನೀರನ್ನು ಅದು ಒಮ್ಮೆಗೇ ಬಿಡುವುದಿಲ್ಲ, ನಿಧಾನವಾಗಿ ಇಳಿಸುತ್ತದೆ. ಅರ್ಧ ಗಂಟೆಗೆ ಹಳೆಯ ಅಂಟು, ಅಂದರೆ ಪ್ರಾಣಿಗಳ ಚರ್ಮ ಮೂಳೆ ಬೇಯಿಸಿ ಮಾಡಿದ ಅಂಟು, ಮೆತ್ತಗಾಗಿ ರಟ್ಟು ಸುಲಿದು ಬಂತು. ಅಂಗೈಯಗಲ ಜಾಗದಲ್ಲಿ ಮಾಡಿ, ಒರೆಸಿ, ಮುಂದಿನದಕ್ಕೆ ಹೋಗುವುದು. ಅವಸರ ಮಾಡುವ ಕೆಲಸವಲ್ಲ ಇದು.

ರಟ್ಟಿನ ಹಿಂದೆ ಹಳೆಯ ಚೌಕಟ್ಟು ಅಂಗಡಿಯ ಚೀಟಿ, ಶಾಯಿಯಲ್ಲಿ ಬರೆದ ಒಂದು ಸಂಖ್ಯೆ ಇತ್ತು. ಆ ಎರಡನ್ನೂ ಕೊಯ್ದು ಬೇರೆ ಪಾಕೀಟಿನಲ್ಲಿ ಇಟ್ಟಿದ್ದೇನೆ. ಹಾಳೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ಇಂಥ ಚೂರುಗಳೇ ಸಾಕ್ಷಿ. ದಯವಿಟ್ಟು ಯಾರೂ ಎಸೆಯಬೇಡಿ.

ನೀರು ಎಷ್ಟು ಬೇಕು

ಒಂದು ಹನಿ ನೀರಿಟ್ಟು ಪಟ್ಟಿ ಕಾಗದದಿಂದ ನೋಡಿದಾಗ ಪಿಎಚ್ 5ರ ಕೆಳಗಿತ್ತು (ಪಿಎಚ್ ಅಂದರೆ ಆಮ್ಲದ ಅಳತೆ, 7ಕ್ಕಿಂತ ಇಳಿದಷ್ಟೂ ಆಮ್ಲ ಜಾಸ್ತಿ). ಆಮ್ಲ ತೆಗೆಯಲೇಬೇಕು. ಗ್ರಾಫೈಟ್ ಅಂದರೆ ಇಂಗಾಲ, ನೀರಲ್ಲಿ ಕರಗುವುದಿಲ್ಲ. ಹಾಳೆಯ ಮೇಲೆ ಶಾಯಿಯೂ ಇಲ್ಲ. ಹಾಗಾದರೆ ಟ್ರೇನಲ್ಲಿ ಮುಳುಗಿಸಿಬಿಡಬಹುದಲ್ವಾ? ಬಹಳ ಜನ ಮುಳುಗಿಸುತ್ತಾರೆ, ತಪ್ಪೂ ಅಲ್ಲ. ಈ ಹಾಳೆಗೆ ನನಗೆ ಮನಸ್ಸು ಬರಲಿಲ್ಲ. ಬೆರಳಿಂದ ತೀಡಿದ ಗ್ರಾಫೈಟ್ ಕಾಗದಕ್ಕೆ ಗಟ್ಟಿಯಾಗಿ ಹಿಡಿದಿರುವುದಿಲ್ಲ. ನೀರು ತುಳುಕಿದರೆ ಒಂದಷ್ಟು ಎದ್ದು ಹೋಗುತ್ತದೆ. ಕಾಗದ ಮಾಡುವಾಗ ಹಚ್ಚಿದ ಜೆಲಟಿನ್ ಕೂಡ ಮುಳುಗಿಸಿದರೆ ಜಾಸ್ತಿ ಕರಗುತ್ತದೆ, ಹಾಳೆ ಮೆದುವಾಗುತ್ತದೆ.

ಅದಕ್ಕೇ ಬ್ಲಾಟಿಂಗ್ ಪೇಪರ್ ದಾರಿ. ಅಯಾನು ತೆಗೆದ, ಅಂದರೆ ಕರಗಿದ ಲವಣಗಳಿಲ್ಲದ, ನೀರಿಗೆ ಸ್ವಲ್ಪ ಸುಣ್ಣದ ತಿಳಿ ಸೇರಿಸಿ ಪಿಎಚ್ 8ರ ಆಸುಪಾಸಿಗೆ ತಂದೆ. ದಪ್ಪ ಬ್ಲಾಟರನ್ನು ಅದರಲ್ಲಿ ನೆನೆಸಿ ಹರವಿದೆ. ಹಾಳೆಗೆ ಮೊದಲು ಅರ್ಧ ನೀರು ಅರ್ಧ ಆಲ್ಕೋಹಾಲ್ ಸಣ್ಣಗೆ ಸಿಂಪಡಿಸಿದೆ, ಇಲ್ಲದಿದ್ದರೆ ತೇವ ಒಂದೇ ಸಮ ಹೋಗದೆ ಅಲ್ಲಲ್ಲಿ ಕಲೆಗೆರೆ ಕಟ್ಟುತ್ತದೆ. ಆಮೇಲೆ ಚಿತ್ರ ಮೇಲಾಗಿ ಬ್ಲಾಟರಿನ ಮೇಲೆ ಮಲಗಿಸಿ ಪ್ಲಾಸ್ಟಿಕ್ ಮುಚ್ಚಿದೆ. ನೀರು ಕೆಳಗಿಂದ ಹಾಳೆಗೆ ಏರಿ, ಹಳದಿಯನ್ನು ಕರಗಿಸಿಕೊಂಡು ವಾಪಸ್ ಬ್ಲಾಟರಿಗೆ ಇಳಿಯುತ್ತದೆ. ಮೇಲ್ಮೈಯಲ್ಲಿ ಏನೂ ಅಲುಗುವುದಿಲ್ಲ. ಮೊದಲ ಬ್ಲಾಟರ್ ತೆಗೆದಾಗ ಹಾಳೆಯ ಆಕಾರವೇ ಅದರ ಮೇಲೆ ಕಡು ಚಹಾ ಬಣ್ಣದಲ್ಲಿ ಮೂಡಿತ್ತು, ಸುಟ್ಟ ಪಟ್ಟಿಯ ಜಾಗ ಇನ್ನೂ ಗಾಢ. ಹೊಸ ಬ್ಲಾಟರ್ ಬದಲಿಸುತ್ತಾ, ಬಣ್ಣ ಇಳಿಯುವುದು ನಿಲ್ಲುವ ತನಕ ಮುಂದುವರಿಸಿದೆ.

ಆ ಕಂದು ಪಟ್ಟಿ ಪೂರಾ ಹೋಗಲಿಲ್ಲ. ತಿಳಿಯಾಗಿದೆ, ಇದೆ. ಬ್ಲೀಚ್ ಹಾಕಿದರೆ ಹೋಗುತ್ತದೆ. ಆದರೆ ಬ್ಲೀಚ್ ನಾರನ್ನೂ ತಿನ್ನುತ್ತದೆ, ಹಾಳೆಗೆ ಇರಬೇಕಾದ ಬೆಚ್ಚನೆ ಬಣ್ಣವನ್ನೂ ಕಿತ್ತುಕೊಳ್ಳುತ್ತದೆ. ಬರೀ ಬೆಳ್ಳಗಿನ ಕಾಗದದ ಮೇಲೆ ಮೆಲುವಾದ ಪೆನ್ಸಿಲ್ ಗೀರು ಬಡಕಲಾಗಿ ಕಾಣುತ್ತದೆ. ಪಟ್ಟಿಯ ಮೇಲೆ ಹೊಸ ಕಿಟಕಿ ರಟ್ಟು ಹೇಗೂ ಕೂರುತ್ತದೆ. ಕಂದು ಚುಕ್ಕೆಗಳಿಗೂ ಅಷ್ಟೇ, ಬಿಟ್ಟೆ. ಗೆಳತಿಗೆ ಫೋಟೋ ಕಳಿಸಿದೆ. "ಆ ಇನ್ನೊಂದು ಕೈ ಕಾಣಿಸ್ತಿದೆ ಕಣೇ!" ಅಂತ ಮೆಸೇಜು ಬಂತು. ಬಿಳುಪಿನ ಮಾತು ಮತ್ತೆ ಎತ್ತಲಿಲ್ಲ.

ಹರಿದದ್ದಕ್ಕೆ ತೇಪೆ

ಅಂಟಿಗೆ ಗೋಧಿ ಪಿಷ್ಟ. ಮೈದಾ ಅಲ್ಲ, ಮೈದಾದಲ್ಲಿರುವ ಅಂಟುಸಾರ ತೊಳೆದು ತೆಗೆದ ಬರೀ ಪಿಷ್ಟ. ಒಂದು ಪಾಲಿಗೆ ಐದು ಪಾಲು ನೀರು, ಸಣ್ಣ ಉರಿ, ತಳ ಹತ್ತದ ಹಾಗೆ ಕೈಯಾಡಿಸುತ್ತಲೇ ಇರಬೇಕು. ಬಿಳುಪು ಹೋಗಿ ಪಾರದರ್ಶಕವಾದ ಮೇಲೂ ಸ್ವಲ್ಪ ಹೊತ್ತು ಬೇಯಬೇಕು. ಆರಿದ ಮೇಲೆ ಜರಡಿಯಲ್ಲಿ ತಿಕ್ಕಿ, ಬೇಕಾದಷ್ಟು ನೀರು ಬೆರೆಸಿ ತೆಳು ಮಾಡಿಕೊಂಡೆ. ಮುಂದೆ ಯಾರಿಗಾದರೂ ಬಿಚ್ಚಬೇಕು ಅನ್ನಿಸಿದರೆ ಒಂಚೂರು ತೇವಕ್ಕೇ ಬಿಡುತ್ತದೆ. ಅದೇ ಇದರ ದೊಡ್ಡ ಗುಣ.

ಹರಿದ ಅಂಚುಗಳು ಒಂದರ ಮೇಲೊಂದು ಕೂರುವ ಹಾಗಿದ್ದವು, ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದೇ ಪ್ರಶ್ನೆ. ಅದಕ್ಕೆ ಚಿತ್ರವೇ ಉತ್ತರ ಕೊಟ್ಟಿತು. ಉದ್ದ ನಿರಿಗೆಗಳು ಕೆಳಗೆ ಮುಗಿಯುವಾಗ ಬಟ್ಟೆಯ ಅಂಚು ಒಳಗೆ ಹೊರಗೆ ಮಡಚಿ ಅಂಕುಡೊಂಕಾಗಿ ಸಾಗುತ್ತದೆ. ಗೊಂಬೆಯ ಮೇಲೂ ಅದನ್ನೇ ನೋಡಿದ್ದೆ. ಮೇಲಿನ ತುಂಡನ್ನು ಒಂದು ಮಿಲಿಮೀಟರಿನಷ್ಟು ಎಡಕ್ಕೆ ತಂದಾಗ ಆ ಡೊಂಕು ಗೆರೆ ಕಡಿಯದೆ ಸಾಗಿತು. ಅಲ್ಲೇ ಅಂಟಿಸಿದೆ.

ಹಿಂಬದಿಗೆ ಜಪಾನಿನ ಕೋಝೋ ನಾರಿನ ತೆಳು ಕಾಗದ. ಕತ್ತರಿಯಿಂದ ಕತ್ತರಿಸಲಿಲ್ಲ. ಒದ್ದೆ ಬ್ರಷ್ಷಿಂದ ಗೆರೆ ಎಳೆದು, ಎರಡೂ ಕಡೆ ಮೆಲ್ಲಗೆ ಎಳೆದರೆ ಅಂಚಲ್ಲಿ ಉದ್ದ ನಾರು ಉಳಿಯುತ್ತದೆ. ಅವು ಹಳೆಯ ಕಾಗದದೊಂದಿಗೆ ಬೆರೆತು, ಮುಂದಿನಿಂದ ಏಣು ಕಾಣುವುದಿಲ್ಲ. ಪಾಲಿಯೆಸ್ಟರ್ ಜಾಳಿಗೆ, ಬ್ಲಾಟರ್, ಮೇಲೆ ಸಣ್ಣ ಭಾರ.

ಹಾಳೆ ಸಮ ಮಾಡಲು ಎರಡು ಉಣ್ಣೆ ಕಂಬಳಿ ತುಂಡುಗಳ ನಡುವೆ ಒಣಗಿಸಿದೆ. ಮೆತ್ತನೆ ಕಂಬಳಿಯ ಒತ್ತಡಕ್ಕೆ ಹಾಳೆ ನೇರವಾಗುತ್ತದೆ, ತೋಡುಗಳು ಉಳಿಯುತ್ತವೆ. ಪಕ್ಕದ ಬೆಳಕಲ್ಲಿ ಮತ್ತೆ ಫೋಟೋ ತೆಗೆದು ಮೊದಲಿನದರ ಪಕ್ಕ ಇಟ್ಟು ನೋಡಿದೆ. ತೊಡೆಯ ಮೇಲಿನ ಕೈಯೂ ಹೆಗಲಿನ ನೇರ ಗೆರೆಯೂ ಹಾಗೇ ಇವೆ. ಪಿಎಚ್ 7ಕ್ಕೆ ಬಂದಿದೆ.

ಕೂರಿಸುವುದು

ಪೂರ್ತಿ ಹತ್ತಿಯ ರಟ್ಟು, ಹಿಂದೊಂದು ಮುಂದೊಂದು. ಹಾಳೆಯನ್ನು ಮೇಲಂಚಿನಲ್ಲಿ ಕೋಝೋ ಕಾಗದದ ಎರಡೇ ಎರಡು ಕೀಲುಗಳಿಂದ ತೂಗುಬಿಟ್ಟೆ. ಕೀಲು ಹಾಳೆಗಿಂತ ಬಲಹೀನವಾಗಿರಬೇಕು, ಚೌಕಟ್ಟು ಬಿದ್ದರೆ ಕೀಲು ಹರಿಯಲಿ. ಕಿಟಕಿ ರಟ್ಟು ದಪ್ಪದ್ದೇ ಆರಿಸಿದೆ, ಗಾಜು ಹಾಳೆಗೆ ತಾಗಬಾರದು. ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿದೆ. ಅಕ್ರಿಲಿಕ್ ಹಗುರ, ಒಡೆಯುವುದಿಲ್ಲ, ಆದರೆ ಒರೆಸಿದಾಗೆಲ್ಲ ಅದರಲ್ಲಿ ವಿದ್ಯುತ್ ಹುಟ್ಟಿ ಸಡಿಲ ಪುಡಿಯನ್ನು ಎಳೆದುಕೊಳ್ಳುತ್ತದೆ. ತೀಡಿದ ನೆರಳಿರುವ ಹಾಳೆಗೆ ಅದು ಬೇಡ ಅನ್ನಿಸಿತು.

ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ, ಕಾಗದ ಮಾಸುತ್ತದೆ. ಕಿಟಕಿಯ ಎದುರಿನ ಗೋಡೆ ಬೇಡ, 50 ಲಕ್ಸ್‌ನಷ್ಟು ಮಂದ ಬೆಳಕು ಸಾಕು, ಬಚ್ಚಲಿನ ಪಕ್ಕದ ಗೋಡೆಯಂತೂ ಬೇಡವೇ ಬೇಡ ಅಂತ ಗೆಳತಿಗೆ ಹೇಳಿದ್ದೇನೆ. ಅವಳು ನಡುಮನೆಯ ಒಳಗೋಡೆ ಆರಿಸಿದ್ದಾಳೆ. ದೀಪವನ್ನು ಚಿತ್ರದ ಮೇಲಲ್ಲ, ಎಡಪಕ್ಕಕ್ಕೆ ಹಾಕಿಸು ಅಂದೆ. ಹಾಗಾದರೆ ತೋಡುಗಳು ಚೆನ್ನಾಗಿ ಕಾಣುತ್ತವೆ.

ರಟ್ಟಿನ ಹಿಂದೆ ಯಾರ ಹೆಸರನ್ನೂ ಬರೆಯಲಿಲ್ಲ. ಫ್ಲಾಕ್ಸ್‌ಮನ್ ಅಂತ ಬರೆದರೆ ಬೆಲೆ ಬರುತ್ತದೆ, ಆದರೆ ಆಗ ಇಂಗ್ಲೆಂಡಿನಲ್ಲಿ ಆ ದಾರಿಯಲ್ಲಿ ಪೆನ್ಸಿಲ್ ಹಿಡಿದವರು ಬೇಕಾದಷ್ಟು ಮಂದಿ. ಬರೆದದ್ದು ಇಷ್ಟು: ಇಂಗ್ಲೆಂಡ್, 1805 ಅಥವಾ ಆಮೇಲೆ, ವಾಟ್ಮನ್ ಕಾಗದದ ಮೇಲೆ ಗ್ರಾಫೈಟ್. ಜೊತೆಗೆ ಏನೇನು ಮಾಡಿದೆ, ಯಾವ ಅಂಟು, ಯಾವ ಮಸುಕನ್ನು ತೆಗೆದೆ, ಯಾವುದನ್ನು ಬಿಟ್ಟೆ ಅನ್ನುವ ಪಟ್ಟಿ ಮತ್ತು ಫೋಟೋಗಳು. ಪೆಟ್ಟಿಗೆಯಲ್ಲಿ ಕೆಂಪು ಸೀಮೆಸುಣ್ಣದಲ್ಲಿ ಬಿಡಿಸಿದ ಇನ್ನೊಂದು ಹಾಳೆ ಇದೆ. ಅದಕ್ಕೆ ಈ ಸ್ಪಂಜನ್ನು ಹತ್ತಿರವೂ ಸುಳಿಸುವ ಹಾಗಿಲ್ಲ, ಮುಂದಿನ ಕೆಲಸ ಅದೇ.